ಗೀಟು ಹಾಕಿದ ಸಾಲು

ಅಮೃತಹಳ್ಳಿ, ಬೆಂಗಳೂರು
ಭಾನುವಾರ, 14 ಸೆಪ್ಟೆಂಬರ್ 2025

ಅಕ್ಕೋರಿಗೆ ನಮಸ್ಕಾರ.

ನಾನು ಭಾಗ್ಯಶ್ರೀ. ನೀವು ವಾರ್ಡನ್ ಆಗಿದ್ದ ಹಾಸ್ಟೆಲ್ಲಿನಲ್ಲಿ ರೋಲ್ ನಂಬರ್ ಇಪ್ಪತ್ತೇಳು, ಅಮೀನಗಡದವಳು, ಪ್ರೇಯರ್ ನಡೆಯುವಾಗ ಎರಡು ಸಲ ತಲೆ ಸುತ್ತಿ ಬಿದ್ದವಳು. ನೆನಪಿದ್ದರೆ ಮುಂದೆ ಓದಿ. ನೆನಪಿಲ್ಲದಿದ್ದರೂ ಓದಿ, ಬೇರೆ ಯಾರಿಗೆ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಭಾನುವಾರದ ಪತ್ರದ ಮೊದಲ ಸಾಲು ಏನಿರಬೇಕು ಅಂತ ನೀವು ಬೋರ್ಡಿನ ಮೇಲೆ ಬರೆದಿಡುತ್ತಿದ್ದಿರಿ. ಐದು ವರ್ಷ ನಾನು ಅದನ್ನೇ ಕಾಪಿ ಮಾಡಿದೆ: ಇಲ್ಲಿ ಆರಾಮ ಇದ್ದೇನೆ, ಊಟ ರುಚಿಯಾಗಿದೆ, ಓದು ಸಾಗಿದೆ. ಇವತ್ತು ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಸಾರಿ.

ನಾನೀಗ ಫಸ್ಟ್ ಇಯರ್ ಬಿಎ. ಕಾಲೇಜು ಯಲಹಂಕದ ಕಡೆ, ಪಿಜಿ ಅಮೃತಹಳ್ಳಿಯಲ್ಲಿ. ನಿಮ್ಮ ವಿಳಾಸ ಅವ್ವ ಕೊಟ್ಟಳು. ನಿಮ್ಮ ಹತ್ತಿರ ಈಗಲೂ ಬಟನ್ ಫೋನೇ ಅಂತೆ. ಒಳ್ಳೆಯದೇ ಆಯಿತು, ನನಗೆ ಏನನ್ನಾದರೂ ಟೈಪ್ ಮಾಡಲು ಈಗ ಭಯವಾಗುತ್ತದೆ.

ವಿಷಯ ಇದು. ಪಿಜಿಯ ಹಿಂದಿನ ಬೀದಿಯಲ್ಲಿ ಒಂದು ಅಂಗನವಾಡಿ. ನಸೀಮಾ ಮಿಸ್ ಅಂತ ಅದನ್ನು ನಡೆಸುವವರು. ಮತದಾರರ ಪಟ್ಟಿಯ ಕೆಲಸವೂ ಅವರ ತಲೆಗೇ ಕಟ್ಟಿದ್ದಾರೆ: ಮನೆಮನೆಗೆ ಹೋಗಿ ಹೊಸಬರ ಹೆಸರು ಸೇರಿಸುವುದು, ತೀರಿಕೊಂಡವರ ಹೆಸರು ತೆಗೆಯುವ ಅರ್ಜಿ ಬರೆಸುವುದು. ಹತ್ತು ದಿನದ ಹಿಂದೆ ಅವರದೊಂದು ಸಣ್ಣ ವಿಡಿಯೋ ಈ ಬಡಾವಣೆಯ ಎಲ್ಲ ಫೋನಿಗೂ ಬಂತು. ಅದರಲ್ಲಿ ಅವರು ಜೋರಾಗಿ, ನಗುತ್ತಾ, "ಲಕ್ಕಣ್ಣನವರ ಹೆಸರು ನಾನೇ ತೆಗೆದುಹಾಕ್ತೀನಿ, ಯೋಚ್ನೆ ಮಾಡ್ಬೇಡಿ" ಅನ್ನುತ್ತಾರೆ. ಅಷ್ಟೇ. ಮೇಲೆ ಯಾರೋ ಕೆಂಪಕ್ಷರದಲ್ಲಿ ಬರೆದಿದ್ದಾರೆ: "ನಮ್ಮವರ ವೋಟು ಮಾಯ ಆಗ್ತಿರೋದು ಹೀಗೆ. ಎಚ್ಚರ."

ಲಕ್ಕಣ್ಣ ತೀರಿಕೊಂಡು ಎರಡು ವರ್ಷವಾಯಿತು ಅಂತ ಅದರಲ್ಲಿ ಇಲ್ಲ. ಹೆಸರು ತೆಗೆಸಿ ಅಂತ ಕೇಳಿದವರು ಅವರ ಹೆಂಡತಿ ಮುನಿಗಂಗಮ್ಮ ಅಂತಲೂ ಇಲ್ಲ. ಆ ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಾರೆ, ಆದರೆ ಜನ "ಪಾಪ, ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ" ಅಂತಾರೆ. ಅಂಗನವಾಡಿಗೆ ಇಪ್ಪತ್ತಮೂರು ಮಕ್ಕಳು ಬರುತ್ತಿದ್ದರು, ಈಗ ಒಂಬತ್ತು. ಮಿಸ್‌ಗೆ ನೋಟಿಸ್ ಬಂದಿದೆ, ಪಟ್ಟಿಯ ಕೆಲಸವನ್ನು ಸದ್ಯಕ್ಕೆ ಕಿತ್ತುಕೊಂಡಿದ್ದಾರೆ. ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ವಿಚಾರಣೆ. ಅಲ್ಲಿ ತಪ್ಪಿತಸ್ಥೆ ಅಂತಾದರೆ ಅಂಗನವಾಡಿಯೂ ಹೋಗುತ್ತದೆ.

ಆ ವಿಡಿಯೋ ಹಾಕಿದ್ದ ಆ್ಯಪ್‌ಗೆ ನಾನು ರಿಪೋರ್ಟ್ ಮಾಡಿದೆ. "ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ನಮ್ಮ ಕಾಲೇಜಿನಲ್ಲಿ ಲಾ ಓದುವ ಸೀನಿಯರ್ ಸಿದ್ದಲಿಂಗ ಹೇಳಿದರು, ಇದಕ್ಕೆ ಕಾನೂನು ಇದೆ, ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು, ಅವರು ಕೇಳದಿದ್ದರೆ ಮೇಲ್ಮನವಿ ಇದೆ ಅಂತ. ಬರೆಯಲು ಕೂತೆ. "ದಯವಿಟ್ಟು ಇದನ್ನು ತೆಗೆದುಹಾಕಿ" ಅನ್ನುವಲ್ಲಿಗೆ ಬಂದಾಗ ನಿಮ್ಮ ಕೆಂಪು ಪೆನ್ನು ನೆನಪಾಯಿತು.

ಅಂಟಿಸದ ನಮ್ಮ ಪತ್ರಗಳನ್ನೆಲ್ಲ ನೀವು ಓದುತ್ತಿದ್ದಿರಿ. ಬೇಡದ ಸಾಲಿನ ಮೇಲೆ ಗೀಟು ಹಾಕಿ, ಬೇರೆ ಹಾಳೆಯಲ್ಲಿ ಬರೆದು ತಾ ಅನ್ನುತ್ತಿದ್ದಿರಿ. ನನಗೆ ಆಗ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ಈಗ ನಾನೇ ಯಾರಿಗೋ ಗೀಟು ಹಾಕಿ ಅಂತ ಕೇಳುತ್ತಿದ್ದೇನೆ. ಯಾವ ಸಾಲು ಹೋಗಬೇಕು, ಯಾವುದು ಇರಬೇಕು ಅಂತ ನೀವು ಹೇಗೆ ತೀರ್ಮಾನ ಮಾಡುತ್ತಿದ್ದಿರಿ?

ನಿಮ್ಮ ಹಳೆಯ ವಿದ್ಯಾರ್ಥಿನಿ,
ಭಾಗ್ಯಶ್ರೀ


ಕುಷ್ಟಗಿ
24 ಸೆಪ್ಟೆಂಬರ್ 2025

ಚಿ. ಭಾಗ್ಯಶ್ರೀಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನೆನಪಿಲ್ಲದೆ ಏನು. ಚಪಾತಿಯೊಳಗೆ ಸಕ್ಕರೆ ಸುತ್ತಿ ಚೀಲದಲ್ಲಿ ಮುಚ್ಚಿಡುತ್ತಿದ್ದವಳು ನೀ. ಇರುವೆ ಇಡೀ ರೂಮಿಗೆ ಬರುತ್ತಿದ್ದವು.

ನೀ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ನನಗೆ ಸ್ವಲ್ಪ ದಿನ ಬೇಕು. ಅದಕ್ಕೂ ಮೊದಲು ನಾನೊಂದು ಕೇಳುತ್ತೇನೆ.

ಹತ್ತೊಂಬತ್ತು ವರ್ಷ ಹುಡುಗಿಯರ ಪತ್ರ ಓದಿದವಳು ನಾನು. ಒಂದು ಮಾತು ಗೊತ್ತಾಗಿದೆ. ಏನನ್ನೋ ಬಿಟ್ಟು ಬರೆಯುವ ಜಾಗದಲ್ಲಿ ಹುಡುಗಿಯರ ಅಕ್ಷರ ದುಂಡಗೆ ಆಗುತ್ತದೆ. ನಿನ್ನ ಪತ್ರದ ಅಕ್ಷರ ಮೊದಲಿನಿಂದ ಕೊನೆಯವರೆಗೂ ಕೋಳಿ ಕೆದರಿದ ಹಾಗಿದೆ. "ಅವರದೊಂದು ಸಣ್ಣ ವಿಡಿಯೋ ಈ ಬಡಾವಣೆಯ ಎಲ್ಲ ಫೋನಿಗೂ ಬಂತು" ಅನ್ನುವ ಸಾಲು ಮಾತ್ರ ಮುತ್ತು ಪೋಣಿಸಿದ ಹಾಗೆ.

ಅದನ್ನು ತೆಗೆದವರು ಯಾರು?

ಊಟ ಸರಿಯಾಗಿ ಮಾಡು. ತಲೆ ಸುತ್ತುವುದು ಕಡಿಮೆ ಆಗಿದೆಯೋ ಇಲ್ಲವೋ ಬರೆ.

ನಿಂಗವ್ವ ಅಂಗಡಿ


ಅಮೃತಹಳ್ಳಿ
ಭಾನುವಾರ, 5 ಅಕ್ಟೋಬರ್ 2025

ಅಕ್ಕೋರೇ,

ತಲೆ ಸುತ್ತುವುದು ಕಡಿಮೆ ಆಗಿತ್ತು. ನಿಮ್ಮ ಪತ್ರ ಓದಿದ ಮೇಲೆ ಮತ್ತೆ ಬಂತು.

ತೆಗೆದವಳು ನಾನು.

ಕಾಲೇಜಿನಲ್ಲಿ ಹೊಸ ಮತದಾರರ ಕ್ಲಬ್ ಇದೆ. ಆಗಸ್ಟಿನಲ್ಲಿ ನನಗೆ ಹದಿನೆಂಟು ತುಂಬಿತು, ಸೇರಿಕೊಂಡೆ. "ನನ್ನ ಬೀದಿ, ನನ್ನ ವೋಟು" ಅಂತ ಮೂವತ್ತು ಸೆಕೆಂಡಿನ ರೀಲ್ಸ್ ಸ್ಪರ್ಧೆ ಇಟ್ಟರು. ಕ್ಲಾಸಿನಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡುವುದಿಲ್ಲ. ಇದನ್ನಾದರೂ ಚೆನ್ನಾಗಿ ಮಾಡೋಣ ಅಂತ ನಸೀಮಾ ಮಿಸ್ ಹಿಂದೆ ಎರಡು ದಿನ ಸುತ್ತಿದೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್ ಶೂಟ್ ಮಾಡಿದೆ, ಅದರಲ್ಲಿ ಮೂವತ್ತು ಸೆಕೆಂಡ್ ಕಟ್ ಮಾಡಿ ಹಾಕಿದೆ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮಿಸ್ ಎಷ್ಟು ಚೆಂದ ನಗುತ್ತಾರೆ ಅನ್ನಿಸಿತು. ಅದನ್ನು ಯಾರೋ ಇಳಿಸಿಕೊಂಡು, ಇನ್ನೂ ತುಂಡು ಮಾಡಿ, ಕೆಂಪಕ್ಷರ ಸೇರಿಸಿದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಅವತ್ತೇ ಹೆದರಿ ನನ್ನದನ್ನು ಡಿಲೀಟ್ ಮಾಡಿದೆ. ಅವರದು ಓಡುತ್ತಲೇ ಇದೆ.

ಬಡಾವಣೆಯ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಬಾಲರಾಜು ಅಂಕಲ್ ಹತ್ತಿರ ಹೋದೆ. ಲಕ್ಕಣ್ಣನ ತಮ್ಮನ ಮಗನೇ ಅವರು. ದೊಡ್ಡಪ್ಪ ಸತ್ತಿದ್ದು ಅವರಿಗೆ ಗೊತ್ತಿಲ್ಲವಾ? ತಿಥಿಯೂಟ ಬಡಿಸಿದವರೇ ಅವರಂತೆ.

"ಅಂಕಲ್, ಗ್ರೂಪಿಂದ ಅದನ್ನ ತೆಗೀರಿ" ಅಂದೆ.

"ಏನಮ್ಮಾ, ಸುಲಭಾನಾ? ಇವತ್ ನಾನ್ ತೆಗೆದ್ರೆ ನಾಳೆ ಬಾಲರಾಜೂನೂ ಅವ್ರ ಜೊತೆ ಸೇರ್ಕೊಂಡವ್ನೆ ಅಂತಾರೆ. ಎಂಟ್ನೂರು ಜನ ಅವ್ರೆ. ನಾನು ಅಡ್ಮಿನ್ನು ಕಣಮ್ಮ, ಜಡ್ಜ್ ಅಲ್ಲ. ಗುಡ್ ಮಾರ್ನಿಂಗ್ ಕಳ್ಸೋದು ಬಿಟ್ರೆ ಅಲ್ಲಿ ನನ್ ಮಾತು ಯಾವನೂ ಕೇಳಲ್ಲ."

"ನಿಮ್ಮ ದೊಡ್ಡಪ್ಪನ ವಿಷಯ ನೀವೇ ಹೇಳ್ಬಹುದಲ್ವಾ?"

ಅವರು ಆ ಕಡೆ ತಿರುಗಿ ಸ್ಕೂಟರ್ ಒರೆಸತೊಡಗಿದರು. ಅವರಿಗೂ ನನ್ನ ಹಾಗೇ ಭಯ ಅಂತ ಗೊತ್ತಾಯಿತು. ಅಷ್ಟು ದೊಡ್ಡ ಮೀಸೆ.

ನೋಟಿಸ್ ಕೊಡಲು ಬಂದವರು ಮಿಸ್‌ನ ಕೇಳಿದರಂತೆ: ಅರ್ಜಿ ಏನೋ ಸರಿಯಿದೆ, ಆದರೆ ನಗ್ತಾ ಯಾಕೆ ಹೇಳಿದ್ರಿ, ವಿಡಿಯೋ ಮಾಡಿದ್ದು ಯಾರು ಅಂತ. ಮಿಸ್ ಅಂದರಂತೆ, "ಯಾರೋ ಕಾಲೇಜು ಹುಡುಗಿ ಸಾರ್. ನೆನಪಿಲ್ಲ."

ನೆನಪಿಲ್ಲದೆ ಇರುತ್ತಾ? ನಾನು ಅವರ ಮನೆಯಲ್ಲಿ ಎರಡು ಸಲ ಟೀ ಕುಡಿದಿದ್ದೇನೆ.

ಪೂರ್ತಿ ವಿಡಿಯೋ ನನ್ನ ಫೋನಿನಲ್ಲಿ ಇನ್ನೂ ಇದೆ. ಯಾರಿಗೂ ತೋರಿಸಿಲ್ಲ. ಯಾಕೆ ಅಂತ ಈಗ ಕೇಳಬೇಡಿ.

ಭಾಗ್ಯಶ್ರೀ

(ಇಲ್ಲಿ ಅಕ್ಷರ ದುಂಡಗಿದ್ದರೆ ಅದು ಪೆನ್ನಿನ ತಪ್ಪು.)


ಕುಷ್ಟಗಿ
15 ಅಕ್ಟೋಬರ್ 2025

ಚಿ. ಭಾಗ್ಯಶ್ರೀ,

ಕೇಳುವುದಿಲ್ಲ. ನಾ ಕೊಡಬೇಕಾದ ಉತ್ತರವೇ ಬಾಕಿ ಇದೆ.

ಹೇಗೆ ತೀರ್ಮಾನ ಮಾಡುತ್ತಿದ್ದಿರಿ ಅಂದೆ. ಮಕ್ಕಳ ಒಳ್ಳೆಯದಕ್ಕೆ, ತಂದೆ ತಾಯಿ ಚಿಂತೆ ಮಾಡಬಾರದು ಅಂತ. ಹೀಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿನ್ನ ಪತ್ರ ಬಂದ ಮೇಲೆ ನನ್ನ ಟ್ರಂಕು ತೆಗೆದೆ. ಗೀಟು ಹಾಕಿದ ಹಾಳೆಗಳನ್ನು ನಾ ಹರಿಯುತ್ತಿರಲಿಲ್ಲ. ಹರಿಯುವುದಕ್ಕೆ ಮನಸ್ಸು ಬರಲಿಲ್ಲ, ಕಳಿಸುವುದಕ್ಕೆ ಧೈರ್ಯ ಬರಲಿಲ್ಲ. ಟ್ರಂಕಿನ ತಳಕ್ಕೆ ಇಟ್ಟಿದ್ದೆ. ಮೂವತ್ತೊಂದು ಹಾಳೆ ಇದ್ದವು. ಎಲ್ಲ ಓದಿದೆ.

ನಾನು ಗೀಟು ಹಾಕಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕ ಇಲ್ಲ. ಖರೆ. ದೊಡ್ಡ ಹುಡುಗಿಯರು ನಮ್ಮ ಕೈಲಿ ಬಟ್ಟೆ ಒಗೆಸುತ್ತಾರೆ. ಖರೆ. "ಊಟ ರುಚಿಯಾಗಿದೆ" ಅಂತ ಎರಡು ನೂರು ಮಕ್ಕಳು ಪ್ರತಿ ವಾರ ಬರೆದ ಸುಳ್ಳಿಗೆ ಒಂದು ಸಲವೂ ಗೀಟು ಹಾಕಲಿಲ್ಲ. ನಾನೇ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದೆ.

ನನಗೆ ಯಾವುದು ಹೆದರಿಕೆ ತರುತ್ತಿತ್ತೋ ಅದಕ್ಕೆ ಗೀಟು ಬೀಳುತ್ತಿತ್ತು. ಅಷ್ಟೇ ನನ್ನ ನಿಯಮ. ಹಾಕಿದ್ದು ಯಾಕೆ ಅಂತ ಯಾವ ಹುಡುಗಿಗೂ ಹೇಳಲಿಲ್ಲ. ಕೇಳುವುದಕ್ಕೆ ನಿಮಗೊಂದು ಜಾಗವೂ ಇರಲಿಲ್ಲ.

ಅಡುಗೆಯ ಅಕ್ಕಿ ಬದಲಿಸಿರಿ ಅಂತ ಆಡಳಿತ ಮಂಡಳಿಗೆ ನಾನೂ ಒಂದು ಸಲ ಬರೆದಿದ್ದೆ. ಸಭೆಯ ವರದಿಯಲ್ಲಿ ಆ ಮಾತೇ ಬರಲಿಲ್ಲ. ಮರುದಿನ ಎಂದಿನ ಹಾಗೆ ಕೆಂಪು ಪೆನ್ನು ತೆಗೆದುಕೊಂಡು ಕೂತೆ.

ನೀ ಆ ಕಂಪನಿಗೆ ಬರೆಯುವಾಗ ಇದನ್ನು ನೆನಪಿಡು. ಯಾವುದು ಸುಳ್ಳು, ಯಾಕೆ ಸುಳ್ಳು, ಅದರಿಂದ ಯಾರಿಗೆ ಏನಾಯಿತು ಅಂತ ಬರೆ. ಕೆಳಗೆ ನಿನ್ನ ಹೆಸರು ಹಾಕು. ಆ ಕಡೆಯವರಿಗೂ ಉತ್ತರ ಹೇಳುವ ಜಾಗ ಇರಲಿ. ಇಷ್ಟಿದ್ದರೆ ನೀ ನನ್ನ ಹಾಗೆ ಆಗುವುದಿಲ್ಲ.

ಇಪ್ಪತ್ತೊಂಬತ್ತಕ್ಕೆ ಇನ್ನು ಹದಿನಾಲ್ಕು ದಿನ.

ನಿಂಗವ್ವ


ಅಮೃತಹಳ್ಳಿ
ಭಾನುವಾರ, 2 ನವೆಂಬರ್ 2025

ಅಕ್ಕೋರೇ,

ಒಂದೇ ಉಸಿರಿನಲ್ಲಿ ಬರೆಯುತ್ತೇನೆ.

ಹೋದ ತಿಂಗಳ ಇಪ್ಪತ್ತೇಳಕ್ಕೆ ಅಂಗನವಾಡಿಗೆ ಹೋದೆ. ಮಕ್ಕಳ ತೂಕ ನೋಡುವ ದಿನ. ಮಿಸ್ ಒಬ್ಬೊಬ್ಬರನ್ನೇ ತೂಕದ ಮೇಲೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು. ಒಂಬತ್ತು ಮಕ್ಕಳಲ್ಲವಾ, ಹತ್ತು ನಿಮಿಷಕ್ಕೆ ಮುಗಿಯಿತು. ಪುಸ್ತಕದಲ್ಲಿ ಉಳಿದ ಹದಿನಾಲ್ಕು ಹೆಸರಿನ ಮುಂದೆ ಖಾಲಿ. ನಾನು ಬಾಗಿಲಲ್ಲೇ ನಿಂತು, "ಮಿಸ್, ಪೂರ್ತಿ ವಿಡಿಯೋ ನನ್ನ ಹತ್ತಿರ ಇದೆ" ಅಂದೆ.

"ಗೊತ್ತು ಕಣೇ" ಅಂದರು.

"ಅದರಲ್ಲಿ ನನ್ನ ವಾಯ್ಸ್ ಇದೆ."

"ಅದೂ ಗೊತ್ತು. ನಾನ್ ಯಾಕ್ ನಕ್ಕೆ ಅಂತ ನಂಗೇ ಗೊತ್ತಿರಲ್ವಾ?"

"ಮತ್ತೆ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾಳೆಯಿಂದ ನಿನ್ ಫೋಟೋ ಓಡಾಡುತ್ತೆ. ಒಬ್ಬಳದು ಓಡಾಡ್ತಿರೋದು ಸಾಲ್ದಾ? ನೀನಾಗಿ ಹೇಳ್ತೀನಿ ಅಂದ್ರೆ ಬೇರೆ ಮಾತು. ಒಳಗ್ ಬಾ, ಬಾಗಿಲಲ್ ನಿಂತ್ರೆ ಮಕ್ಕಳು ಓಡ್ ಹೋಗ್ತವೆ."

ಇಪ್ಪತ್ತೊಂಬತ್ತಕ್ಕೆ ವಿಚಾರಣೆಗೆ ಹೋದೆ. ಸಿದ್ದಲಿಂಗ ಲ್ಯಾಪ್‌ಟಾಪ್ ತಂದಿದ್ದರು. ಮೇಜಿನ ಆ ಕಡೆ ಮೂವರು, ಈ ಕಡೆ ಮಿಸ್, ಮುನಿಗಂಗಮ್ಮ, ನಾನು. ದೂರಿನ ಕಡೆಯಿಂದ ಬಾಲರಾಜು ಅಂಕಲ್ ಮತ್ತು ಇನ್ನಿಬ್ಬರು. ಪೂರ್ತಿ ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್ ಹಾಕಿದರು.

ಅದರಲ್ಲಿ ಏನಿದೆ ಅಂತ ಈಗ ನಿಮಗೂ ಹೇಳುತ್ತೇನೆ. ಮೊದಲು ಮುನಿಗಂಗಮ್ಮ ಜಗುಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಹೇಳುತ್ತಾರೆ: "ಸತ್ತೋನ ಎಸ್ರು ಇಟ್ಕಂಡು ಏನ್ ಮಾಡ್ಲವ್ವ. ಎಲೆಕ್ಷನ್ ಬಂದ್ರೆ ಅವ್ನ ಚೀಟಿ ಇಡ್ಕಂಡು ಬತ್ತಾರೆ. ನೋಡಿದ್ರೆ ಒಟ್ಟೆ ಉರೀತದೆ. ತೆಗ್ದಾಕ್ಸು ನಸೀಮಮ್ಮ." ಮಿಸ್ ಅವರ ಕೈ ಹಿಡಿದುಕೊಂಡು, ಮೆಲ್ಲಗೆ, ನಗದೆ ಹೇಳುತ್ತಾರೆ: "ಆಯ್ತಮ್ಮ. ಲಕ್ಕಣ್ಣನವರ ಹೆಸರು ನಾನೇ ತೆಗೆದುಹಾಕ್ತೀನಿ, ಯೋಚ್ನೆ ಮಾಡ್ಬೇಡಿ."

ಆಮೇಲೆ ನನ್ನ ದನಿ. "ಮಿಸ್, ಸೂಪರ್. ಬಟ್ ಸ್ವಲ್ಪ ಡಲ್ ಇದೆ. ಇನ್ನೊಂದ್ಸಲ, ಜೋರಾಗಿ, ನಗ್ತಾ ಹೇಳಿ ಪ್ಲೀಸ್. ಅಜ್ಜೀ, ನೀವು ಸ್ವಲ್ಪ ಆ ಕಡೆ ಹೋಗಿ, ಫ್ರೇಮಲ್ಲಿ ಅಡ್ಡ ಬರ್ತಿದೀರಾ."

ಮಿಸ್ ನಾಚಿಕೊಂಡು ನಗುತ್ತಾರೆ. ಅದೇ ಮಾತು ಮತ್ತೆ ಹೇಳುತ್ತಾರೆ. ಊರೆಲ್ಲ ನೋಡಿದ್ದು ಆ ಎರಡನೆಯದನ್ನು.

ಇದೇ ಅಕ್ಕೋರೇ, ನಾನು ಬಿಟ್ಟು ಬರೆದ ಸಾಲು. ಕೆಂಪಕ್ಷರ ಹಾಕಿದವರು ಕಟ್ ಮಾಡುವ ಮೊದಲೇ ಆ ಅಜ್ಜಿಯನ್ನು ನಾನು ಕಟ್ ಮಾಡಿದ್ದೆ.

ನಾನು ಎದ್ದು ನಿಂತೆ, ಹೆಸರು ಹೇಳಿದೆ, ತಲೆ ಸುತ್ತಿತು, ಕುರ್ಚಿ ಹಿಡಿದುಕೊಂಡೆ. ಬೀಳಲಿಲ್ಲ. "ನಗ್ತಾ ಹೇಳಿ ಅಂದಿದ್ದು ನಾನು ಸರ್" ಅಂದೆ. ಅಧಿಕಾರಿ ಬರೆದುಕೊಂಡು ನನ್ನ ಸಹಿ ತೆಗೆದುಕೊಂಡರು. ಆಗ ಮುನಿಗಂಗಮ್ಮ ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಮೇಜಿನ ಮುಂದೆ ಬಂದು ನಿಂತರು.

"ಅವತ್ತು ನನ್ನ ಆ ಕಡೆ ಓಗು ಅಂದ್ಯಲ್ಲ, ಇವತ್ತು ನೀನ್ ಓಗು. ಸ್ವಾಮೀ, ನನ್ ಗಂಡನ್ನ ಸುಟ್ಟು ಬಂದೋನು ಇವ್ನೇ ಇಲ್ ಕುಂತವ್ನೆ, ಕೇಳಿ. ಏ ಬಾಲ, ಬಾಯ್ ಬುಡ್ಲಾ."

ಬಾಲರಾಜು ಅಂಕಲ್ ಎದ್ದು ನಿಂತು, "ಹೌದು ಸಾರ್, ದೊಡ್ಡಪ್ಪ ಹೋಗಿ ಎರಡು ವರ್ಷ ಆಯ್ತು" ಅಂದರು. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ.

ಆದೇಶ ಇನ್ನೂ ಬಂದಿಲ್ಲ. ನನ್ನ ಫೋಟೋ ಮಾತ್ರ ನಾಲ್ಕು ದಿನದಿಂದ ಗ್ರೂಪಿನಲ್ಲಿ ಓಡಾಡುತ್ತಿದೆ. ಪಿಜಿಯಿಂದ ಹೊರಗೆ ಹೋಗಲು ಭಯ. ಆದರೂ ಹೋಗುತ್ತೇನೆ, ಹೆಬ್ಬಾಳದಲ್ಲಿ ಬಸ್ ಬದಲಾಯಿಸಬೇಕಲ್ಲ, ಕಾಲೇಜು ನನಗೋಸ್ಕರ ಅಮೃತಹಳ್ಳಿಗೆ ಬರುವುದಿಲ್ಲ. ಕಂಪನಿಗೆ ಮತ್ತೆ ಬರೆದೆ, ನೀವು ಹೇಳಿದ ಹಾಗೆ: ಯಾವುದು, ಯಾಕೆ, ಯಾರಿಗೆ ಏನಾಯಿತು, ಕೆಳಗೆ ನನ್ನ ಹೆಸರು. ಅವರು ಮತ್ತೆ ಇಲ್ಲ ಅಂದರು. ಮೇಲ್ಮನವಿ ಹಾಕಿದ್ದೇವೆ.

ಭಾಗ್ಯಶ್ರೀ


ಕುಷ್ಟಗಿ
12 ನವೆಂಬರ್ 2025

ಭಾಗ್ಯಶ್ರೀ,

ಕುರ್ಚಿ ಹಿಡಿದುಕೊಂಡೆ ಅಂತ ಬರೆದಿದ್ದೀ. ಚಲೋ ಮಾಡಿದಿ.

ಇದರ ಜೊತೆ ಒಂದು ಹಾಳೆ ಇದೆ. ನಿನ್ನದು. ಏಳನೇ ಕ್ಲಾಸು, ಆಗಸ್ಟ್ ತಿಂಗಳು. ನಿನ್ನ ಅವ್ವನಿಗೆ ಬರೆದದ್ದು, ನಾನು ಹಿಡಿದಿಟ್ಟದ್ದು. ಮೂವತ್ತೊಂದರಲ್ಲಿ ನಾನು ಕಳಿಸುತ್ತಿರುವುದು ಇದೇ ಮೊದಲನೆಯದು. ಉಳಿದ ಹುಡುಗಿಯರ ವಿಳಾಸ ಹುಡುಕುತ್ತಿದ್ದೇನೆ. ಹನ್ನೊಂದು ಸಿಕ್ಕಿವೆ. ಪ್ರತಿಯೊಂದರ ಜೊತೆ, ಯಾಕೆ ಗೀಟು ಹಾಕಿದೆ ಅಂತ ನಾಲ್ಕು ಸಾಲು ಬರೆದು, ನನ್ನ ಸಹಿ ಹಾಕಿ ಕಳಿಸುತ್ತೇನೆ. ಬಯ್ಯುವುದಿದ್ದರೆ ಬಯ್ಯಲು ವಿಳಾಸವೂ ಇರುತ್ತದೆ.

ನಿನ್ನದಕ್ಕೆ ನಾಲ್ಕು ಸಾಲು: ನೀ ಖರೆ ಬರೆದಿದ್ದಿ. ನನಗೆ ಹೆದರಿಕೆ ಆಯಿತು. ನೌಕರಿ ಹೋಗಬಹುದು ಅನ್ನಿಸಿತು. ತಪ್ಪು ನನ್ನದು.

ನಿಂಗವ್ವ ಅಂಗಡಿ


ಅಮೃತಹಳ್ಳಿ
ಭಾನುವಾರ, 14 ಡಿಸೆಂಬರ್ 2025

ಪ್ರೀತಿಯ ಅಕ್ಕೋರಿಗೆ,

ತಡವಾಯಿತು, ಪರೀಕ್ಷೆ ಇತ್ತು.

ಆದೇಶ ಬಂತು. ಮಿಸ್ ಮೇಲಿನ ದೂರು ಬಿದ್ದುಹೋಯಿತು, ಪಟ್ಟಿಯ ಕೆಲಸವನ್ನೂ ವಾಪಸ್ ಕೊಟ್ಟರು. "ಅದೊಂದು ಬೇಡ ಅಂತ ಬರೆದುಕೊಡ್ಬೇಕಿತ್ತು" ಅಂತ ಮಿಸ್ ಗೊಣಗಿದರು, ಆದರೆ ಮನೆಮನೆ ಸುತ್ತುವ ಬ್ಯಾಗ್ ಆಗಲೇ ತೊಳೆದು ಒಣಗಿಸಿದ್ದರು. ಮೇಲ್ಮನವಿಯಲ್ಲಿ ತೀರ್ಪು ನಮ್ಮ ಕಡೆಗೇ ಆಯಿತು. ಕೆಂಪಕ್ಷರದ ವಿಡಿಯೋ ಇದ್ದ ಜಾಗದಲ್ಲಿ ಈಗ, ಇಂಥ ಕಾರಣಕ್ಕೆ ತೆಗೆಯಲಾಗಿದೆ ಅಂತ ಒಂದು ಸಾಲು ಇದೆ. ಕಾರಣ ಬರೆದಿದ್ದಾರೆ, ಅಕ್ಕೋರೇ. ಅದನ್ನು ಎರಡು ಸಲ ಓದಿದೆ. ಫೋನಿನಿಂದ ಫೋನಿಗೆ ಹೋದದ್ದು ಇನ್ನೂ ಎಲ್ಲೆಲ್ಲೋ ಇದೆ. ಅದಕ್ಕೆ ಬಾಲರಾಜು ಅಂಕಲ್ ಹತ್ತಿರ ಮತ್ತೆ ಹೋದೆ.

"ಏನನ್ನೂ ತೆಗೀಬೇಡಿ ಅಂಕಲ್. ಪೂರ್ತಿ ವಿಡಿಯೋನ ಗ್ರೂಪಿನ ಮೇಲ್ಗಡೆ ಪಿನ್ ಮಾಡಿ ಸಾಕು."

"ಅದ್ರಲ್ಲಿ ನಿನ್ ದನಿ ಇರುತ್ತಲ್ಲಮ್ಮ. ಎಲ್ರೂ ಕೇಳ್ತಾರೆ."

"ಇರ್ಲಿ."

ಅವರು ಮೀಸೆ ಸವರಿಕೊಂಡು ಪಿನ್ ಮಾಡಿದರು. ಅವತ್ತು ಗುಡ್ ಮಾರ್ನಿಂಗ್ ಕಳಿಸಲಿಲ್ಲ.

ಅಂಗನವಾಡಿಗೆ ಮೊನ್ನೆ ಹದಿನೇಳು ಮಕ್ಕಳು ಬಂದಿದ್ದರು. ಆರು ಇನ್ನೂ ಬಂದಿಲ್ಲ. ಮಿಸ್ ಆ ಆರು ಹೆಸರನ್ನೂ ಪುಸ್ತಕದಲ್ಲಿ ಹಾಗೇ ಇಟ್ಟಿದ್ದಾರೆ. ನಮ್ಮ ಕ್ಲಬ್‌ನಲ್ಲಿ ಈಗ ಒಂದು ನಿಯಮ: ಯಾರದೇ ಮಾತು ಕಟ್ ಮಾಡಿ ಹಾಕಿದರೆ ಪೂರ್ತಿ ಮಾತು ಎಲ್ಲಿದೆ ಅಂತ ಜೊತೆಗೇ ಹಾಕಬೇಕು, ಹಾಕುವ ಮೊದಲು ಅವರಿಗೆ ತೋರಿಸಬೇಕು. ಸಿದ್ದಲಿಂಗ ಇದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದಿದ್ದರು. ನಾನು ಎದ್ದು ಕನ್ನಡದಲ್ಲಿ ಎರಡು ಸಾಲು ಹೇಳಿದೆ. ಎರಡು ಸಾಲೇ ಪಾಸಾಯಿತು.

ಹೋದ ವಾರ ಮಿಸ್ ನಮ್ಮ ಪಿಜಿಯ ಮೂರು ಮಹಡಿ ಹತ್ತಿ ಬಂದರು, ನನ್ನ ಹೆಸರು ಸೇರಿಸುವ ಅರ್ಜಿ ಪರಿಶೀಲನೆಗೆ. "ಈ ಹುಡುಗಿ ಇಲ್ಲೇ ಇರೋದು ನಿಜಾನಾ?" ಅಂತ ಓನರ್ ಆಂಟಿಯನ್ನು ಗಂಭೀರವಾಗಿ ಕೇಳಿದರು. ನಾನು ನಕ್ಕೆ. "ನಗ್ಬೇಡ, ಯಾರಾದ್ರೂ ವಿಡಿಯೋ ಮಾಡ್ತಾರೆ" ಅಂದರು.

ನೀವು ಕಳಿಸಿದ ಹಾಳೆಯ ವಿಷಯ ಕೊನೆಗಿಟ್ಟೆ. ಕೆಂಪು ಗೀಟಿನ ಕೆಳಗೆ ಎಲ್ಲ ಓದಲು ಬರುತ್ತದೆ. "ಅವ್ವಾ, ಇಲ್ಲಿ ಅನ್ನದಾಗ ಹುಳ ಇರತಾವ. ನಾ ಆರಿಸಿ ಉಣ್ಣತೀನಿ. ನೀ ಬಂದು ಒಂದ್ಸಲ ಹೇಳು." ನಾನು ಬರೆದದ್ದು ನನಗೇ ಮರೆತಿತ್ತು. ಅವ್ವ ಆ ವರ್ಷ ಬರಲೇ ಇಲ್ಲ ಅನ್ನುವ ಸಿಟ್ಟು ಮಾತ್ರ ಉಳಿದಿತ್ತು. ಅವಳಿಗೆ ಪತ್ರವೇ ಮುಟ್ಟಿರಲಿಲ್ಲ ಅಂತ ಈಗ ಹೊಳೆಯಿತು. ಆರು ವರ್ಷ ನಾನು ಅವಳ ಜೊತೆ ಸರಿಯಾಗಿ ಮಾತಾಡಿಲ್ಲ.

ಆ ಹಾಳೆಯನ್ನು ನಿಮ್ಮ ನಾಲ್ಕು ಸಾಲಿನ ಸಮೇತ, ಗೀಟಿನ ಸಮೇತ, ಅವ್ವನಿಗೆ ಪೋಸ್ಟ್ ಮಾಡಿದೆ. ಮೊನ್ನೆ ಮುಟ್ಟಿದೆ. ಫೋನ್ ಮಾಡಿದಳು. ಹಿಂದೆ ಕೋಳಿಗಳು ಕೂಗುವುದು ಕೇಳುತ್ತಿತ್ತು. ಆಮೇಲೆ ಕೇಳಿದಳು:

"ಈಗ ಅನ್ನ ಹೆಂಗೈತಿ?"

"ಗಟ್ಟಿ ಇರತದ ಅವ್ವಾ. ಸಾರು ನೀರು. ಹುಳ ಇಲ್ಲ" ಅಂದೆ.

"ಖರೆ ಹೇಳತೀಯಿಲ್ಲೋ?"

"ಖರೇನ ಅವ್ವಾ."

"ಹಂಗಾದ್ರ ಬರತೀನಿ. ಒಂದ್ಸಲ ಬಂದು ಹೇಳಿ ಹೋಗತೀನಿ, ಸಾರು ದಪ್ಪ ಮಾಡ್ರಿ ಅಂತ."

ಇಪ್ಪತ್ತೊಂದನೇ ತಾರೀಖಿಗೆ ಯಶವಂತಪುರಕ್ಕೆ ಬೆಳಗಿನ ರೈಲಿಗೆ ಬರುತ್ತಿದ್ದಾಳೆ. ನಾನು ಸ್ಟೇಷನ್ನಿಗೆ ಹೋಗುತ್ತೇನೆ.

ಈ ಪತ್ರವನ್ನು ಅಂಟಿಸಿ ಕಳಿಸುತ್ತಿದ್ದೇನೆ. ಒಳಗೆ ಯಾವ ಸಾಲೂ ಬಿಟ್ಟಿಲ್ಲ.

ನಿಮ್ಮ
ಭಾಗ್ಯಶ್ರೀ